ಹಳೆಯ ಚಲನಚಿತ್ರ ಕ್ಯಾಮೆರಾಗಳು

1934ನೆಯ ಇಸವಿಯ ಮಾರ್ಚ್ 3ರಂದು ಬೆಂಗಳೂರಿನಲ್ಲಿ 'ಸತಿ ಸುಲೋಚನಾ' ಎಂಬ ಚಿತ್ರವು ತೆರೆಯನ್ನು ಕಂಡಿತು. ಕನ್ನಡದಲ್ಲಿ ಮಾತನಾಡಿದ ಮೊದಲನೆಯ ಚಲನಚಿತ್ರ ಅದು. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ಅಭಿನಯಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಂದು ಅದನ್ನು ನೋಡಬೇಕೆಂದು ಯಾರು ಬಯಸಿದರೂ ಆ ಬಯಕೆ ಈಡೇರುವಂತಿಲ್ಲ. ನಟರ ಹೆಸರುಗಳು ಉಳಿದಿವೆ, ತೆರೆಕಂಡ ದಿನ ನಮಗೆ ಗೊತ್ತಿದೆ. ಆದರೆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ನುಡಿಯ ಮೊದಲ ವಾಕ್ಚಿತ್ರ ನಮ್ಮ ಪಾಲಿಗೆ ಬರಿಯ ಹೆಸರಾಗಿದೆ.

ಇದರೊಡನೆ ಇನ್ನೊಂದು ಚಿತ್ರದ ಕಥೆಯನ್ನು ಹೋಲಿಸಿ ನೋಡಬಹುದು. ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ 1977ರ 'ಘಟಶ್ರಾದ್ಧ'ಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪ್ರಶಸ್ತಿ ದೊರೆಯಿತು. ಅದನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ಛಾಯಾಗ್ರಾಹಕರು ಎಸ್. ರಾಮಚಂದ್ರ ಅವರು. ಚಿತ್ರೀಕರಣದ ದಿನ ಕ್ಯಾಮೆರಾದೊಳಗೆ ಓಡಿದ್ದ ಮೂಲ ನೆಗೆಟಿವ್ ಸುರುಳಿಗಳು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದುಬಂದಿದ್ದವು. ಅವುಗಳ ಆಧಾರದಿಂದ ಚಿತ್ರವನ್ನು ಮತ್ತೆ ಸಿದ್ಧಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಒಂದು ಚಿತ್ರ ಹೇಳಹೆಸರಿಲ್ಲದಂತೆ ಅಳಿಯಿತು. ಮತ್ತೊಂದು ನಲವತ್ತೇಳು ವರ್ಷಗಳ ಬಳಿಕ ಹೊಸದರಂತೆ ಬೆಳಗಿತು. ಇವೆರಡರ ನಡುವಿನ ಅಂತರ ಕಲೆಯ ಹೆಚ್ಚು ಕಡಿಮೆಯಲ್ಲ. ಒಂದನ್ನು ಯಾರೋ ಜೋಪಾನ ಮಾಡಿದ್ದರು, ಇನ್ನೊಂದನ್ನು ಯಾರೂ ಮಾಡಲಿಲ್ಲ, ಅಷ್ಟೆ.

ಫಿಲ್ಮ್ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತು. ಅದನ್ನು ಓಡಿಸಿ ಚಿತ್ರ ಮೂಡಿಸುವ ಕ್ಯಾಮೆರಾ ಉಕ್ಕು, ಹಿತ್ತಾಳೆ, ಗಾಜುಗಳಿಂದ ಮಾಡಿದ ಯಂತ್ರ. ವಸ್ತು ಹಾಳಾದರೆ ಚಿತ್ರ ಹೋಗುತ್ತದೆ. ಯಂತ್ರ ಹಾಳಾದರೆ ಚಿತ್ರ ತೆಗೆಯುವ ವಿದ್ಯೆಯೇ ಹೋಗುತ್ತದೆ. ಆದ್ದರಿಂದಲೇ ಪ್ರಪಂಚದ ಹಲವು ಕಡೆಗಳಲ್ಲಿ ಹಳೆಯ ಚಲನಚಿತ್ರ ಕ್ಯಾಮೆರಾಗಳನ್ನು ಹುಡುಕಿ ಸಂಗ್ರಹಿಸಿ, ರಿಪೇರಿ ಮಾಡಿ, ಮತ್ತೆ ಬಳಸುವ ಹವ್ಯಾಸಿಗಳಿದ್ದಾರೆ. ಈ ಹವ್ಯಾಸ ಹೇಗಿರುತ್ತದೆ, ಅದರಿಂದ ನಾವು ಏನನ್ನು ಕಲಿಯಬಹುದು ಎಂಬುದನ್ನು ಈಗ ವಿಚಾರಮಾಡೋಣ.

ಮೊದಲು ಯಂತ್ರದ ಕೆಲಸವನ್ನು ತಿಳಿಯಬೇಕು. ಚಲನಚಿತ್ರದಲ್ಲಿ ನಿಜವಾಗಿ ಚಲಿಸುವ ಚಿತ್ರವೊಂದೂ ಇಲ್ಲ. ಅಲ್ಲಿರುವುದೆಲ್ಲ ಒಂದರ ಕೆಳಗೊಂದು ಮೂಡಿದ ಸ್ಥಿರಚಿತ್ರಗಳು. ಅವುಗಳನ್ನು ಕ್ಷಣಕ್ಷಣಕ್ಕೂ ಬದಲಾಯಿಸುತ್ತ ತೋರಿಸಿದಾಗ ನಮ್ಮ ಕಣ್ಣು ಮತ್ತು ಮಿದುಳು ಕೂಡಿ ಅವುಗಳನ್ನು ಒಂದೇ ಚಲನೆಯಾಗಿ ಹೆಣೆದುಕೊಳ್ಳುತ್ತವೆ. ಕಣ್ಣಿನ ಪಟಲದ ಮೇಲೆ ಬಿಂಬವು ಒಂದಿಷ್ಟು ಹೊತ್ತು ನಿಲ್ಲುವುದೇ ಇದಕ್ಕೆ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಅದೊಂದೇ ಸಾಲದೆಂದೂ, ಬಿಂಬಗಳನ್ನು ಜೋಡಿಸಿ ಚಲನೆಯನ್ನು ಕಲ್ಪಿಸಿಕೊಳ್ಳುವುದು ಮಿದುಳಿನ ಕೆಲಸವೆಂದೂ ಇಂದು ತಿಳಿದಿದೆ.

ಈ ಸ್ಥಿರಚಿತ್ರಗಳನ್ನು ತೆಗೆಯುವಾಗ ಫಿಲ್ಮ್ ಒಂದೇ ಸಮನೆ ಓಡುವಂತಿಲ್ಲ. ಓಡುತ್ತಿದ್ದರೆ ಬಿಂಬವೆಲ್ಲ ಕದಡಿಹೋಗುತ್ತದೆ. ಅದು ನಿಲ್ಲಬೇಕು, ಬೆಳಕನ್ನು ಪಡೆಯಬೇಕು, ಒಂದು ಚಿತ್ರದಷ್ಟು ಮುಂದೆ ಸರಿಯಬೇಕು, ಮತ್ತೆ ನಿಲ್ಲಬೇಕು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಸಲ ಹೀಗೆ ನಡೆಯಬೇಕು. ಮನೆಯ ಹೊಲಿಗೆ ಯಂತ್ರವನ್ನು ಗಮನಿಸಿ ನೋಡಿ. ಚಕ್ರ ಎಡೆಬಿಡದೆ ತಿರುಗುತ್ತಿದ್ದರೂ ಬಟ್ಟೆ ಮಾತ್ರ ನಿಂತು ನಿಂತು ಮುಂದೆ ಸರಿಯುತ್ತದೆ. ಸೂಜಿ ಮೇಲೆದ್ದಾಗ ಬಟ್ಟೆ ಜರುಗುತ್ತದೆ, ಸೂಜಿ ಇಳಿದಾಗ ನಿಲ್ಲುತ್ತದೆ. ಫ್ರಾನ್ಸಿನ ಲೂಯಿ ಲೂಮಿಯೇರ್ ಎಂಬಾತನಿಗೆ ಚಲನಚಿತ್ರ ಯಂತ್ರದ ಉಪಾಯ ಹೊಳೆದದ್ದು ಈ ಹೊಲಿಗೆ ಯಂತ್ರದಿಂದಲೇ. ಕ್ಯಾಮೆರಾದಲ್ಲಿ ಬಟ್ಟೆಯ ಬದಲು ಫಿಲ್ಮ್ ಇರುತ್ತದೆ. ಅದರ ಅಂಚಿನಲ್ಲಿ ಸಾಲಾಗಿ ರಂಧ್ರಗಳಿರುತ್ತವೆ. ಉಗುರಿನಂಥ ಒಂದು ಕೊಕ್ಕೆ ರಂಧ್ರದೊಳಗೆ ಹೊಕ್ಕು ಫಿಲ್ಮನ್ನು ಕೆಳಕ್ಕೆ ಎಳೆದು ಹಿಂದೆ ಸರಿಯುತ್ತದೆ. ಫಿಲ್ಮ್ ಜರುಗುವಾಗ ಮಸೂರದ ಹಿಂದಿರುವ ಅರ್ಧಚಂದ್ರಾಕಾರದ ತಟ್ಟೆಯೊಂದು ತಿರುಗಿ ಬಂದು ಬೆಳಕನ್ನು ತಡೆಯುತ್ತದೆ. ಇದಕ್ಕೆ ಶಟರ್ ಎಂದು ಹೆಸರು. ಸುರುಳಿಗಳು ಒಂದೇ ವೇಗದಲ್ಲಿ ಸುತ್ತುತ್ತಿರುತ್ತವೆ, ನಡುವೆ ಫಿಲ್ಮ್ ನಿಂತು ಸಾಗುತ್ತಿರುತ್ತದೆ. ಹೀಗಾಗಿ ಎರಡಕ್ಕೂ ಮಧ್ಯೆ ಫಿಲ್ಮನ್ನು ಸಡಿಲವಾಗಿ ಬಾಗಿಸಿ ಬಿಟ್ಟಿರುತ್ತಾರೆ. ಈ ಬಾಗು ಇಲ್ಲದಿದ್ದರೆ ಫಿಲ್ಮ್ ಹರಿದುಹೋಗುತ್ತದೆ.

ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ತೆತ್ತ ಪ್ರೇಕ್ಷಕರಿಗೆ ತಮ್ಮ ಚಿತ್ರಗಳನ್ನು ತೋರಿಸಿದರು. ಮುಂದಿನ ವರ್ಷದ ಜುಲೈ 7ರಂದು ಅದೇ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದುವು. ಅವರ ಯಂತ್ರ ಒಂದು ಚಿಕ್ಕ ಮರದ ಪೆಟ್ಟಿಗೆ. ಚಿತ್ರ ತೆಗೆಯಲು, ಪ್ರತಿ ಮಾಡಲು, ತೆರೆಯ ಮೇಲೆ ತೋರಿಸಲು ಆ ಒಂದೇ ಪೆಟ್ಟಿಗೆ ಸಾಕಾಗುತ್ತಿತ್ತು. ಬದಿಯಲ್ಲಿದ್ದ ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಹದಿನಾರು ಚಿತ್ರಗಳು ಮೂಡುತ್ತಿದ್ದುವು. ಕೈಯ ವೇಗ ತಪ್ಪಿದರೆ ತೆರೆಯ ಮೇಲಿನ ಮನುಷ್ಯರ ನಡಿಗೆಯೂ ತಪ್ಪುತ್ತಿತ್ತು. ಕ್ಯಾಮೆರಾ ಹಿಡಿದವನಿಗೆ ಸಂಗೀತಗಾರನಿಗಿರುವಂತೆ ತಾಳಜ್ಞಾನ ಇರಬೇಕಾಗಿದ್ದ ಕಾಲ ಅದು.

ನಮ್ಮ ದೇಶದಲ್ಲಿ ಈ ಯಂತ್ರವನ್ನು ತಪಸ್ಸಿನಂತೆ ಸಾಧಿಸಿದವರು ದಾದಾಸಾಹೇಬ ಫಾಲ್ಕೆಯವರು. ಅವರು 1912ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಲಿಯಮ್ಸನ್ ಕಂಪನಿಯ ಕ್ಯಾಮೆರಾವನ್ನು ಕೊಂಡುತಂದರು. 'ರಾಜಾ ಹರಿಶ್ಚಂದ್ರ'ವನ್ನು ತೆಗೆಯುವುದಕ್ಕೆ ಮೊದಲು ಅವರು ಆ ಕ್ಯಾಮೆರಾದಿಂದ ಮಾಡಿದ್ದು ಒಂದು ಸಣ್ಣ ಪ್ರಯೋಗ. ಕುಂಡದಲ್ಲಿ ಬಟಾಣಿ ಕಾಳನ್ನು ನೆಟ್ಟು, ಅದು ಮೊಳೆತು ಬಳ್ಳಿಯಾಗುವವರೆಗೆ ಬಿಡುವು ಕೊಟ್ಟು ಕೊಟ್ಟು ಒಂದೊಂದೇ ಚಿತ್ರವನ್ನು ತೆಗೆದರು. ಒಂದು ತಿಂಗಳಿಗೂ ಮೀರಿದ ಬೆಳವಣಿಗೆ ತೆರೆಯ ಮೇಲೆ ಕೆಲವೇ ಕ್ಷಣಗಳಲ್ಲಿ ನಡೆದುಹೋಯಿತು. ನೋಡಿದವರು ಬೆರಗಾದರು, ಚಿತ್ರ ನಿರ್ಮಾಣಕ್ಕೆ ಸಾಲ ಹುಟ್ಟಿತು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ಭಾರತದ ಚಲನಚಿತ್ರೋದ್ಯಮಕ್ಕೆ ಅಡಿಗಲ್ಲಾದದ್ದು ಒಂದು ಬಟಾಣಿ ಕಾಳು ಎಂದರೂ ತಪ್ಪಾಗಲಾರದು.

ಕೈಯಿಂದ ತಿರುಗಿಸುವ ಕ್ಯಾಮೆರಾಗಳ ಬಳಿಕ ಕೀಲಿಕೊಡುವ ಕ್ಯಾಮೆರಾಗಳು ಬಂದುವು. ಗೋಡೆಯ ಗಡಿಯಾರಕ್ಕೆ ಕೀಲಿಕೊಡುವಂತೆ ಇವುಗಳ ಸ್ಪ್ರಿಂಗನ್ನು ಸುತ್ತಿದರೆ ಅದು ಬಿಚ್ಚಿಕೊಳ್ಳುವ ಬಲದಿಂದಲೇ ಫಿಲ್ಮ್ ಓಡುತ್ತದೆ. ವಿದ್ಯುತ್ತಾಗಲಿ ಬ್ಯಾಟರಿಯಾಗಲಿ ಬೇಡ. ಅಮೆರಿಕದ ಬೆಲ್ ಅಂಡ್ ಹೊವೆಲ್ ಕಂಪನಿಯು 1923ರಲ್ಲಿ 'ಫಿಲ್ಮೊ' ಎಂಬ ಚಿಕ್ಕ ಕ್ಯಾಮೆರಾವನ್ನೂ 1925ರಲ್ಲಿ 'ಐಮೊ' ಎಂಬ ದೊಡ್ಡ ಕ್ಯಾಮೆರಾವನ್ನೂ ಹೊರತಂದಿತು. ಎರಡನೆಯ ಮಹಾಯುದ್ಧದ ರಣರಂಗದ ಅನೇಕ ದೃಶ್ಯಗಳು ನಮಗೆ ದೊರೆತಿರುವುದು ಈ ಐಮೊ ಕ್ಯಾಮೆರಾಗಳಿಂದ. ಸ್ವಿಟ್ಸರ್ಲೆಂಡಿನ ಪಯಾರ್ ಕಂಪನಿಯು 1935ರಲ್ಲಿ 'ಬೋಲೆಕ್ಸ್ ಎಚ್ 16' ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಸಂಗೀತದ ಪೆಟ್ಟಿಗೆ, ಗ್ರಾಮಫೋನು, ಟೈಪ್‌ರೈಟರುಗಳನ್ನು ಮಾಡುತ್ತಿದ್ದ ಕಂಪನಿ ಅದು. ನಯವಾದ ಹಲ್ಲುಚಕ್ರಗಳನ್ನು ಕೂಡಿಸುವುದು ಅದಕ್ಕೆ ಕರಗತವಾಗಿತ್ತು. ಒಮ್ಮೆ ಪೂರ್ತಿ ಕೀಲಿಕೊಟ್ಟರೆ ಬೋಲೆಕ್ಸ್ ಸುಮಾರು ಅರ್ಧ ನಿಮಿಷ ಓಡುತ್ತದೆ. ಅದಕ್ಕಿಂತ ಉದ್ದವಾದ ದೃಶ್ಯ ಬೇಕಾದರೆ ಮತ್ತೆ ಸುತ್ತಲೇಬೇಕು. 1937ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಆರಿ ಕಂಪನಿಯು 'ಆರಿಫ್ಲೆಕ್ಸ್' ಎಂಬ ಕ್ಯಾಮೆರಾವನ್ನು ಮಾಡಿತು. ಅದರ ಶಟರಿಗೆ ಕನ್ನಡಿ ಹಚ್ಚಿದ್ದರಿಂದ ಮಸೂರವು ಕಾಣುವುದನ್ನೇ ಛಾಯಾಗ್ರಾಹಕನೂ ಕಾಣುವಂತಾಯಿತು. ಅದಕ್ಕೆ ಮುಂಚೆ ಬಹುಪಾಲು ಕ್ಯಾಮೆರಾಗಳಲ್ಲಿ ಪಕ್ಕದ ಬೇರೊಂದು ಕಿಂಡಿಯಿಂದ ನೋಡಿ ಅಂದಾಜು ಮಾಡಬೇಕಾಗಿತ್ತು.

ಫಿಲ್ಮಿನ ಅಗಲದಿಂದ ಕ್ಯಾಮೆರಾಗಳನ್ನು ವಿಂಗಡಿಸುವುದುಂಟು. ಚಿತ್ರಮಂದಿರಗಳ ಚಿತ್ರಗಳಿಗೆ 35 ಮಿಲಿಮೀಟರ್ ಅಗಲದ ಫಿಲ್ಮು. ಅದರ ಒಂದು ಅಡಿಯಲ್ಲಿ 16 ಚಿತ್ರಗಳು ಹಿಡಿಯುತ್ತವೆ. 1000 ಅಡಿಯ ಸುರುಳಿ ಸುಮಾರು 11 ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆ ಕಾಲದ 35 ಮಿಲಿಮೀಟರ್ ಫಿಲ್ಮು ನೈಟ್ರೇಟಿನದಾಗಿದ್ದು ಬೆಂಕಿಗೆ ಬಹು ಬೇಗ ತುತ್ತಾಗುತ್ತಿತ್ತು. ಮನೆಗಳಲ್ಲಿ ಬಳಸಲು ಅದು ತಕ್ಕುದಲ್ಲವೆಂದು ಕೊಡಕ್ ಕಂಪನಿಯು 1923ರಲ್ಲಿ ಅಸಿಟೇಟಿನಿಂದ ಮಾಡಿದ 16 ಮಿಲಿಮೀಟರ್ ಫಿಲ್ಮನ್ನು ಹೊರಡಿಸಿತು. 1932ರಲ್ಲಿ ಇನ್ನೂ ಅಗ್ಗದ 8 ಮಿಲಿಮೀಟರ್ ಪದ್ಧತಿ ಬಂದಿತು. ಇದರ ಉಪಾಯ ಜಾಣತನದ್ದು. ಕ್ಯಾಮೆರಾದೊಳಗೆ ಹೋಗುವುದು 16 ಮಿಲಿಮೀಟರ್ ಅಗಲದ 25 ಅಡಿ ಫಿಲ್ಮು. ಮೊದಲ ಸಲ ಓಡಿದಾಗ ಅದರ ಒಂದು ಪಾರ್ಶ್ವದಲ್ಲಿ ಮಾತ್ರ ಚಿತ್ರಗಳು ಮೂಡುತ್ತವೆ. ಸುರುಳಿಯನ್ನು ಮಗುಚಿ ಹಾಕಿದರೆ ಇನ್ನೊಂದು ಪಾರ್ಶ್ವ ತುಂಬುತ್ತದೆ. ಸಂಸ್ಕರಣೆಯಾದ ಮೇಲೆ ಉದ್ದಕ್ಕೆ ಸೀಳಿ ಎರಡನ್ನೂ ಜೋಡಿಸಿದರೆ 50 ಅಡಿಯ ಚಿತ್ರ ಸಿದ್ಧ. 1965ರಲ್ಲಿ ಬಂದ 'ಸೂಪರ್ 8' ಪದ್ಧತಿಯಲ್ಲಿ ಈ ಮಗುಚುವ ತೊಡಕೂ ತಪ್ಪಿತು. ಫಿಲ್ಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ಕ್ಯಾಮೆರಾದೊಳಗೆ ಇಟ್ಟು ಬಾಗಿಲು ಮುಚ್ಚಿದರಾಯಿತು. ಹೀಗೆ ಚಲನಚಿತ್ರ ತೆಗೆಯುವುದು ಸ್ಟುಡಿಯೋದ ಗೋಡೆಗಳನ್ನು ದಾಟಿ ಗೃಹಸ್ಥರ ಕೈಗೂ ಬಂದಿತು.

ಕನ್ನಡ ನಾಡಿಗೂ ಈ ಯಂತ್ರಕ್ಕೂ ಇರುವ ನಂಟು ಹಿರಿದು. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಎಂಬ ಇಂಗ್ಲಿಷ್ ಚಿತ್ರದ ಹೊರಾಂಗಣ ದೃಶ್ಯಗಳನ್ನು ಮೈಸೂರು ಸಂಸ್ಥಾನದಲ್ಲಿ ಸೆರೆಹಿಡಿಯಲಾಯಿತು. ಅದರಲ್ಲಿ ನಾಯಕನಾಗಿದ್ದವನು ಕಾರಾಪುರದ ಮಾವುತನ ಮಗ, ಬಾಲಕ ಸಾಬು. ಮುಂದೆ ಅವನು ಲೋಕಪ್ರಸಿದ್ಧ ನಟನಾದ. ಮಾಗಡಿಯವರಾದ ಬಿ. ಎಸ್. ರಂಗಾ ಅವರು ಛಾಯಾಗ್ರಾಹಕರಾಗಿ ಹೆಸರುಗಳಿಸಿ, 1964ರಲ್ಲಿ ಕನ್ನಡದ ಮೊದಲ ವರ್ಣಚಿತ್ರವಾದ 'ಅಮರಶಿಲ್ಪಿ ಜಕಣಾಚಾರಿ'ಯನ್ನು ನಿರ್ಮಿಸಿ ನಿರ್ದೇಶಿಸಿದರು.

ಈ ಸಾಲಿನಲ್ಲಿ ವಿಶೇಷವಾಗಿ ನೆನೆಯಬೇಕಾದವರು ವಿ. ಕೆ. ಮೂರ್ತಿಯವರು. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಇಂದು ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಮೂಲವೂ ಈ ಪಾಲಿಟೆಕ್ನಿಕ್‌ನ ಆ ವಿಭಾಗವೇ. ಮೂರ್ತಿಯವರು ಪಿಟೀಲು ವಾದನವನ್ನೂ ಬಲ್ಲವರಾಗಿದ್ದರು. ಮುಂಬಯಿಗೆ ತೆರಳಿ ಗುರುದತ್ತರ ಚಿತ್ರಗಳಿಗೆ ಛಾಯಾಗ್ರಾಹಕರಾದರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲು ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿದುಬರುವ ದೃಶ್ಯವಿದೆ. ಅದನ್ನು ಮೂರ್ತಿಯವರು ಸಾಧಿಸಿದ್ದು ಬೆಲೆಬಾಳುವ ದೀಪಗಳಿಂದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ಹಾಯಿಸಿ. ಮಕ್ಕಳು ಕನ್ನಡಿಯ ಚೂರಿನಿಂದ ಬಿಸಿಲನ್ನು ಗೋಡೆಗೆ ಹಾಯಿಸಿ ಆಡುವ ಆಟವೇ ಅಲ್ಲಿ ಕಲೆಯಾಯಿತು. 2008ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರು. 2014ರಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಮರೆಯಾದರು.

ಅವರು ಬಾಳಿದ ಕಾಲದಲ್ಲೇ ಫಿಲ್ಮಿನ ಯುಗವೂ ಮುಗಿಯುತ್ತ ಬಂದಿತ್ತು. ಚಿತ್ರಗಳನ್ನು ಅಂಕಿಗಳಾಗಿ ಬರೆದಿಡುವ ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ದೊಡ್ಡ ಕಂಪನಿಗಳು 2011ರ ಹೊತ್ತಿಗೆ ಫಿಲ್ಮ್ ಕ್ಯಾಮೆರಾಗಳ ತಯಾರಿಕೆಯನ್ನು ನಿಲ್ಲಿಸಿದುವು. 2013ರಲ್ಲಿ ಜಪಾನಿನ ಫ್ಯೂಜಿ ಕಂಪನಿ ಚಲನಚಿತ್ರದ ಫಿಲ್ಮ್ ತಯಾರಿಕೆಯನ್ನು ಕೈಬಿಟ್ಟಿತು. ನಮ್ಮ ನೆರೆಯ ಉದಕಮಂಡಲದಲ್ಲಿ 'ಇಂದು' ಎಂಬ ಹೆಸರಿನ ಫಿಲ್ಮನ್ನು ಮಾಡುತ್ತಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು. ದಶಕಗಳ ಕಾಲ ದುಡಿದ ಕ್ಯಾಮೆರಾಗಳು ಒಮ್ಮೆಲೇ ಕೆಲಸವಿಲ್ಲದವಾದುವು. ಕೆಲವು ಅಟ್ಟ ಸೇರಿದುವು, ಕೆಲವು ಗುಜರಿಯ ತಕ್ಕಡಿಯನ್ನೇರಿದುವು. ಸಂಗ್ರಾಹಕನ ಕೆಲಸ ಆರಂಭವಾಗುವುದು ಇಲ್ಲಿಂದ.

ಹಳೆಯ ಕ್ಯಾಮೆರಾ ಎಲ್ಲಿ ದೊರೆಯುತ್ತದೆ? ಬೆಂಗಳೂರಿನ ಚಿಕ್ಕಪೇಟೆಯ ಬಳಿ ಭಾನುವಾರಗಳಂದು ಸೇರುವ ಹಳೆಯ ಸಾಮಾನುಗಳ ಸಂತೆಯಲ್ಲಿ, ಫೋಟೊ ಸ್ಟುಡಿಯೋಗಳ ಹಿಂಬದಿಯ ಕಪಾಟುಗಳಲ್ಲಿ, ಬಂಧುಗಳ ಮನೆಯ ಟ್ರಂಕುಗಳಲ್ಲಿ. ಕಂಡದ್ದನ್ನೆಲ್ಲ ಕೊಳ್ಳುವವನು ಸಂಗ್ರಾಹಕನಲ್ಲ. ಒಳ್ಳೆಯ ಸಂಗ್ರಾಹಕನಿಗೆ ಒಂದು ಗೊತ್ತುಗುರಿ ಇರುತ್ತದೆ: ಕೀಲಿಕೊಡುವ ಕ್ಯಾಮೆರಾಗಳು ಮಾತ್ರ, ಇಲ್ಲವೆ 8 ಮಿಲಿಮೀಟರಿನವು ಮಾತ್ರ ಎಂದು ಅವನು ಎಲ್ಲೆಯನ್ನು ಹಾಕಿಕೊಂಡಿರುತ್ತಾನೆ. ಕೊಳ್ಳುವ ಮುನ್ನ ಅವನು ಹೊಳಪನ್ನಲ್ಲ, ಓಟವನ್ನು ಪರೀಕ್ಷಿಸುತ್ತಾನೆ. ಮೆಲ್ಲನೆ ಸ್ವಲ್ಪವೇ ಕೀಲಿಕೊಟ್ಟು ಬಿಟ್ಟರೆ ಶಬ್ದ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ಏರುಪೇರಾದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದು ಅರ್ಥ. ಮಸೂರವನ್ನು ಬೆಳಕಿಗೆ ಹಿಡಿದು ನೋಡಿದಾಗ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಬ್ಯಾಟರಿಯಿಂದ ಓಡುವ ಕ್ಯಾಮೆರಾ ಆದರೆ ಬ್ಯಾಟರಿಯ ಗೂಡಿನಲ್ಲಿ ಹಸುರು ಕಿಲುಬು ಇದೆಯೇ ಎಂದು ನೋಡಬೇಕು. ಹಲವು ಹಳೆಯ ಕ್ಯಾಮೆರಾಗಳ ಬೆಳಕಿನ ಮಾಪಕಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಯನ್ನು ಬೇಡುತ್ತವೆ. ಅಂಥ ಬ್ಯಾಟರಿಗಳ ತಯಾರಿಕೆ ನಿಂತುಹೋಗಿದೆ; 1.5 ವೋಲ್ಟಿನ ಇಂದಿನ ಬ್ಯಾಟರಿ ಹಾಕಿದರೆ ಮಾಪಕ ತಪ್ಪು ಲೆಕ್ಕ ಹೇಳುತ್ತದೆ.

ತಂದ ಮೇಲೆ ಕಾಪಾಡುವುದು ಎರಡನೆಯ ಕೆಲಸ. ಮಳೆಗಾಲದ ತೇವ ಮಸೂರದ ಮೊದಲ ಶತ್ರು. ಚರ್ಮದ ಚೀಲದೊಳಗೆ ಬಿಗಿಯಾಗಿ ಮುಚ್ಚಿಟ್ಟ ಕ್ಯಾಮೆರಾಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಆದ್ದರಿಂದ ಅದನ್ನು ಚೀಲದಿಂದ ಹೊರತೆಗೆದು, ತೇವ ಹೀರುವ ಸಿಲಿಕಾ ಹರಳುಗಳೊಡನೆ ಡಬ್ಬಿಯಲ್ಲಿಡಬೇಕು. ಸ್ಪ್ರಿಂಗನ್ನು ಸುತ್ತಿದಂತೆಯೇ ಬಿಡದೆ ಪೂರ್ತಿ ಬಿಚ್ಚಿಕೊಳ್ಳುವಂತೆ ಓಡಿಸಿ ಇಡಬೇಕು. ಆಗಾಗ ಹೊರತೆಗೆದು ನಿಧಾನವಾಗಿ ಓಡಿಸುತ್ತಿರಬೇಕು. ಬಳಸದ ಬಾವಿಯ ನೀರು ಕೆಡುವಂತೆ ಬಳಸದ ಯಂತ್ರವೂ ಕೆಡುತ್ತದೆ. ಪ್ರತಿಯೊಂದು ಕ್ಯಾಮೆರಾಕ್ಕೂ ಒಂದು ಚೀಟಿ ಬರೆದಿಡುವುದು ಸಂಗ್ರಹದ ಪ್ರಾಣ. ಅದರ ಹೆಸರು, ಕ್ರಮಸಂಖ್ಯೆ, ಯಾರಿಂದ ಬಂದಿತು, ಅವರು ಅದರಿಂದ ಏನನ್ನು ಚಿತ್ರೀಕರಿಸಿದ್ದರು ಎಂಬ ವಿವರ ಅದರಲ್ಲಿರಬೇಕು. ಈ ಚೀಟಿ ಇಲ್ಲದ ಕ್ಯಾಮೆರಾ ಬರಿಯ ಲೋಹ. ಚೀಟಿ ಇದ್ದರೆ ಅದು ಚರಿತ್ರೆ.

ಇನ್ನು ಬಳಸುವ ಬಗೆ. ಬೆಂಗಳೂರಿನ ದಕ್ಷಿಣಕ್ಕೆ ಕನಕಪುರ ರಸ್ತೆಯ ಬಳಿ ವಸಂತಪುರವೆಂಬ ಊರಿದೆ. ವಸಂತವಲ್ಲಭರಾಯ ಸ್ವಾಮಿಯ ಪುರಾತನ ದೇವಾಲಯದಿಂದ ಹೆಸರಾದ ಈ ಹಳ್ಳಿಯನ್ನು ಈಗ ನಗರವು ಸುತ್ತುವರಿದಿದೆ. ಕನಕಪುರ ರಸ್ತೆಯ ಮೇಲೆ ಮೆಟ್ರೊ ರೈಲೂ ಓಡುತ್ತಿದೆ. ಒಬ್ಬ ವಿದ್ಯಾರ್ಥಿಯು ಸೂಪರ್ 8 ಕ್ಯಾಮೆರಾ ಹಿಡಿದು ಈ ದೇವಾಲಯದ ಉತ್ಸವವನ್ನು ಚಿತ್ರೀಕರಿಸಲು ಹೊರಟಿದ್ದಾನೆಂದು ಭಾವಿಸೋಣ. ಅವನ ಬಳಿ ಇರುವುದು 50 ಅಡಿಯ ಒಂದೇ ಡಬ್ಬಿ. ಒಂದು ಅಡಿಗೆ 72ರಂತೆ ಅದರಲ್ಲಿ 3600 ಚಿತ್ರಗಳು ಹಿಡಿಯುತ್ತವೆ. ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ ಓಡಿಸಿದರೆ ದೊರೆಯುವುದು 200 ಸೆಕೆಂಡುಗಳು, ಎಂದರೆ 3 ನಿಮಿಷ 20 ಸೆಕೆಂಡು. ಉತ್ಸವವೋ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತದೆ. ಈಗ ಅವನು ಏನು ಮಾಡಬೇಕು?

ಅವನು ಮೊದಲು ಕ್ಯಾಮೆರಾ ಇಲ್ಲದೆಯೇ ಒಮ್ಮೆ ಹೋಗಿ ನೋಡಿಬರಬೇಕು. ಗೋಪುರದ ಮೇಲೆ ಬಿಸಿಲು ಯಾವಾಗ ಬೀಳುತ್ತದೆ, ಎಲ್ಲಿ ನಿಂತರೆ ಜನರ ತಲೆಗಳು ಅಡ್ಡಬರುವುದಿಲ್ಲ, ಹೂ ಕಟ್ಟುವವರು ಎಲ್ಲಿ ಕೂರುತ್ತಾರೆ ಎಂಬುದನ್ನು ಗುರುತುಮಾಡಿಕೊಳ್ಳಬೇಕು. ಹತ್ತು ಹತ್ತು ಸೆಕೆಂಡುಗಳ ಇಪ್ಪತ್ತು ದೃಶ್ಯಗಳೆಂದು ಲೆಕ್ಕಹಾಕಿ ಕಾಗದದಲ್ಲಿ ಬರೆದುಕೊಳ್ಳಬೇಕು. ದೂರದಿಂದ ಕಾಣುವ ಗೋಪುರ ಒಂದು. ಹೂಮಾಲೆ ಹೆಣೆಯುವ ಬೆರಳುಗಳು ಒಂದು. ನಾಗಸ್ವರ ಊದುವವರ ಉಬ್ಬಿದ ಕೆನ್ನೆ ಒಂದು. ತಂದೆಯ ಹೆಗಲೇರಿದ ಮಗುವಿನ ಮುಖ ಒಂದು. ಹಿನ್ನೆಲೆಯಲ್ಲಿ ಎದ್ದುನಿಂತ ಹೊಸ ಕಟ್ಟಡಗಳ ಸಾಲು ಒಂದು. ಕ್ಯಾಮೆರಾವನ್ನು ಅತ್ತಿತ್ತ ಬೀಸದೆ, ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಬೇಕು. ಚಲಿಸಬೇಕಾದದ್ದು ದೃಶ್ಯ, ಕ್ಯಾಮೆರಾ ಅಲ್ಲ.

ಬೆಳಕಿನ ಲೆಕ್ಕವೂ ಅವನದೇ. ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ, ಶಟರು ಅರ್ಧ ವೃತ್ತದ್ದಾದರೆ, ಒಂದೊಂದು ಚಿತ್ರಕ್ಕೂ ಸೆಕೆಂಡಿನ ಮೂವತ್ತಾರನೆಯ ಒಂದು ಭಾಗದಷ್ಟು ಕಾಲ ಬೆಳಕು ಬೀಳುತ್ತದೆ. ಬಿಸಿಲು ಪ್ರಖರವಾಗಿದ್ದರೆ ಮಸೂರದ ಕಂಡಿಯನ್ನು ಕಿರಿದು ಮಾಡಬೇಕು. ಮಂಟಪದ ನೆರಳಿಗೆ ಬಂದರೆ ಹಿರಿದು ಮಾಡಬೇಕು. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಕೂಡಲೇ ನೋಡಬಹುದು, ಬೇಡವಾದರೆ ಅಳಿಸಬಹುದು. ಫಿಲ್ಮಿನಲ್ಲಿ ಆ ಅವಕಾಶ ಇಲ್ಲ. ಸಂಸ್ಕರಣೆಯಾಗಿ ಬರುವವರೆಗೆ ಏನು ಮೂಡಿದೆಯೆಂಬುದು ತಿಳಿಯುವುದಿಲ್ಲ, ಕೆಟ್ಟದ್ದು ಕೆಟ್ಟೇಹೋಯಿತು. ಕಪ್ಪು-ಬಿಳುಪಿನ ಫಿಲ್ಮನ್ನು ಕತ್ತಲೆಯಲ್ಲಿ ತೊಟ್ಟಿಗೆ ಸುತ್ತಿ ಮನೆಯಲ್ಲೇ ಸಂಸ್ಕರಿಸುವ ಹವ್ಯಾಸಿಗಳಿದ್ದಾರೆ. ವರ್ಣಫಿಲ್ಮನ್ನು ದೂರದ ಪ್ರಯೋಗಶಾಲೆಗಳಿಗೆ ಕಳುಹಿಸಬೇಕಾಗುತ್ತದೆ. ಫಿಲ್ಮ್ ಇಂದಿಗೂ ತಯಾರಾಗುತ್ತಿದೆಯಾದರೂ ಅದರ ಬೆಲೆ ಹೆಚ್ಚು. ಹಾಗಾದರೆ ಇಷ್ಟು ಕಷ್ಟ ಏಕೆ ಎಂದು ಕೇಳಬಹುದು. ಇನ್ನೂರು ಸೆಕೆಂಡುಗಳ ಮಿತಿಯೇ ಇದಕ್ಕೆ ಉತ್ತರ. ಮಿತಿ ಇಲ್ಲದವನು ಎಲ್ಲವನ್ನೂ ತೆಗೆಯುತ್ತಾನೆ, ಯಾವುದನ್ನೂ ನೋಡುವುದಿಲ್ಲ. ಮಿತಿ ಇರುವವನು ಮೊದಲು ನೋಡುತ್ತಾನೆ, ಆಯುತ್ತಾನೆ, ಆಮೇಲೆ ಗುಂಡಿ ಒತ್ತುತ್ತಾನೆ.

ಹಳೆಯ ಕ್ಯಾಮೆರಾವನ್ನು ಹುಡುಕಿ ಹೊರಟವನಿಗೆ ಕೆಲವೊಮ್ಮೆ ಕ್ಯಾಮೆರಾಕ್ಕಿಂತ ಬೆಲೆಯುಳ್ಳದ್ದು ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲೇ ಇದ್ದ ತಗಡಿನ ಡಬ್ಬಿಯಲ್ಲಿ ಆ ಮನೆಯವರು ತೆಗೆದ ಸುರುಳಿಗಳಿರಬಹುದು. ಒಂದು ಮದುವೆ, ಒಂದು ನಾಮಕರಣ, ಮೈಸೂರಿನ ದಸರಾ, ಅಂಗಳದಲ್ಲಿ ಆಡುವ ಮಕ್ಕಳು. ಮನೆಯವರಿಗೆ ಅದು ಅಜ್ಜಿಯ ಮುಖ. ಊರಿಗೆ ಅದು ಇತಿಹಾಸ. ಏಕೆಂದರೆ ಆ ಮಕ್ಕಳ ಹಿಂದೆ ಅಂದಿನ ಬೀದಿ ಇದೆ, ಬೇಲಿ ಇದೆ, ಈಗ ಬಡಾವಣೆಯಾಗಿರುವ ರಾಗಿಯ ಹೊಲ ಇದೆ. ಜಯನಗರ, ಬನಶಂಕರಿ, ವಸಂತಪುರಗಳು ಹೇಗಿದ್ದುವೆಂಬುದನ್ನು ಯಾವ ಸರ್ಕಾರಿ ಕಡತವೂ ಹೀಗೆ ಚಲಿಸುವ ಚಿತ್ರವಾಗಿ ತೋರಿಸಲಾರದು.

ಆದರೆ ಈ ಸುರುಳಿಗಳಿಗೆ ಆಯುಸ್ಸು ಕಡಿಮೆ. ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವದಲ್ಲಿ ಕೊಳೆಯತೊಡಗಿದರೆ ವಿನಿಗರ್‌ನಂಥ ಹುಳಿವಾಸನೆ ಬರುತ್ತದೆ. ಸುರುಳಿ ಕುಗ್ಗುತ್ತದೆ, ಮುರುಟುತ್ತದೆ, ಕೊನೆಗೆ ಚಿತ್ರದ ಪದರವೇ ಕಿತ್ತುಬರುತ್ತದೆ. ಒಂದು ಸುರುಳಿಯ ಹುಳಿ ಪಕ್ಕದ ಸುರುಳಿಗೂ ತಗಲುತ್ತದೆ. ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಈ ಅಪಾಯ ಹೆಚ್ಚು. ಹುಳಿವಾಸನೆ ಬಂದರೆ ಆ ಸುರುಳಿಯನ್ನು ಬೇರೆ ಇಟ್ಟು, ತಂಪಾದ ಒಣಜಾಗದಲ್ಲಿ ಕಾಪಾಡಿ, ಬೇಗನೆ ಡಿಜಿಟಲ್ ಪ್ರತಿ ಮಾಡಿಸಬೇಕು. ಕುಗ್ಗಿದ ಫಿಲ್ಮನ್ನು ಹಳೆಯ ಪ್ರೊಜೆಕ್ಟರಿನಲ್ಲಿ ಓಡಿಸಿದರೆ ರಂಧ್ರಗಳು ಹರಿಯುತ್ತವೆ. 1951ಕ್ಕೆ ಹಿಂದಿನ 35 ಮಿಲಿಮೀಟರ್ ಸುರುಳಿ ಸಿಕ್ಕಿದರೆ ಅದು ನೈಟ್ರೇಟಿನದಾಗಿರಬಹುದು. ಅಂಥದನ್ನು ಮನೆಯಲ್ಲಿ ಇಡಲೇಬಾರದು. ಬಲ್ಲವರ ಮೂಲಕ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಸಂಗ್ರಹಾಲಯಗಳೂ ಅಪಾಯಕ್ಕೆ ಹೊರತಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅಂಥ ಅನೇಕ ಅಮೂಲ್ಯ ಸುರುಳಿಗಳು ಸುಟ್ಟುಹೋದುವು.

ಹಳೆಯದೆಲ್ಲವೂ ಒಳ್ಳೆಯದೆಂದು ಈ ಹವ್ಯಾಸ ಹೇಳುವುದಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾ ಕಡಿಮೆ ಬೆಳಕಿನಲ್ಲಿ, ಕಡಿಮೆ ಖರ್ಚಿನಲ್ಲಿ, ಎಲ್ಲರ ಕೈಗೂ ಸಿಗುವಂತೆ ಕೆಲಸಮಾಡುತ್ತದೆ. ಕೊಳೆಯುವ ಸುರುಳಿಯನ್ನು ಉಳಿಸಿಕೊಡುವುದೂ ಅದೇ ವಿದ್ಯೆ. ಆದರೆ ಇಂದು ಎಲ್ಲರ ಕೈಯಲ್ಲಿರುವ ಈ ಸೌಲಭ್ಯದ ಬೇರು ಕೊಕ್ಕೆ, ರಂಧ್ರ, ಹಲ್ಲುಚಕ್ರಗಳಲ್ಲಿದೆ. ಆ ಯಂತ್ರವನ್ನು ಬಿಚ್ಚಿ ನೋಡಿದವನಿಗೆ ಚಲನಚಿತ್ರವೆಂಬುದು ಮಾಯೆಯಾಗಿ ಉಳಿಯುವುದಿಲ್ಲ. ಮನುಷ್ಯನ ಬುದ್ಧಿಯ ಕೆಲಸವಾಗಿ ಕಾಣುತ್ತದೆ. ನಮ್ಮ ನಮ್ಮ ಮನೆಗಳ ಅಟ್ಟಗಳಲ್ಲಿ ಧೂಳು ಹಿಡಿದ ಡಬ್ಬಿಯೊಂದು ಇದ್ದೀತು. ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಮುಚ್ಚಳ ತೆರೆದು ನೋಡುವುದು, ಮನೆಯ ಹಿರಿಯರು ಇರುವಾಗಲೇ ಅದರಲ್ಲಿರುವವರು ಯಾರೆಂದು ಕೇಳಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಅಷ್ಟನ್ನು 1934ರಲ್ಲಿ ಯಾರಾದರೂ ಮಾಡಿದ್ದರೆ, 'ಸತಿ ಸುಲೋಚನಾ' ಇಂದು ನಮ್ಮ ಕಣ್ಣ ಮುಂದೆ ಇರುತ್ತಿತ್ತು.

ಅಭ್ಯಾಸ

ಅ) ಪದಗಳ ಅರ್ಥ

ವಾಕ್ಚಿತ್ರ – ಮಾತುಗಳುಳ್ಳ ಚಲನಚಿತ್ರ
ಜೋಪಾನ – ಎಚ್ಚರಿಕೆಯಿಂದ ಕಾಪಾಡುವುದು
ಮಸೂರ – ಬೆಳಕನ್ನು ಕೂಡಿಸುವ ಅಥವಾ ಹರಡುವ ಗಾಜು
ಕರಗತ – ಕೈವಶವಾದ, ಚೆನ್ನಾಗಿ ಕಲಿತ
ಸಂಸ್ಕರಣೆ – ಫಿಲ್ಮಿನಲ್ಲಿ ಚಿತ್ರ ಕಾಣುವಂತೆ ರಾಸಾಯನಿಕಗಳಿಂದ ಶುದ್ಧಿಮಾಡುವುದು
ಕಿಲುಬು – ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ಹಸುರು ಕೊಳೆ

ಆ) ಒಂದು ವಾಕ್ಯದಲ್ಲಿ ಉತ್ತರಿಸಿ

1. ಕನ್ನಡದ ಮೊದಲ ವಾಕ್ಚಿತ್ರ ಯಾವುದು? ಅದು ಯಾವಾಗ ತೆರೆಕಂಡಿತು?
2. ಲೂಯಿ ಲೂಮಿಯೇರನಿಗೆ ಯಾವ ಯಂತ್ರದಿಂದ ಉಪಾಯ ಹೊಳೆಯಿತು?
3. ಆರಿಫ್ಲೆಕ್ಸ್ ಕ್ಯಾಮೆರಾದ ವೈಶಿಷ್ಟ್ಯವೇನು?

ಇ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ

1. ಫಾಲ್ಕೆಯವರು ಬಟಾಣಿ ಗಿಡದ ಬೆಳವಣಿಗೆಯನ್ನು ಹೇಗೆ ಚಿತ್ರೀಕರಿಸಿದರು?
2. ಹಳೆಯ ಕ್ಯಾಮೆರಾವನ್ನು ಕೊಳ್ಳುವ ಮುನ್ನ ಏನೇನನ್ನು ಪರೀಕ್ಷಿಸಬೇಕು?
3. "ಚೀಟಿ ಇದ್ದರೆ ಅದು ಚರಿತ್ರೆ" – ಈ ಮಾತನ್ನು ವಿವರಿಸಿ.

ಈ) ಮಾಡಿ ನೋಡಿ

1. ನಿಮ್ಮ ಊರಿನ ಜಾತ್ರೆಯನ್ನು 200 ಸೆಕೆಂಡುಗಳಲ್ಲಿ ಚಿತ್ರೀಕರಿಸಬೇಕೆಂದು ಭಾವಿಸಿ, ಇಪ್ಪತ್ತು ದೃಶ್ಯಗಳ ಪಟ್ಟಿಯನ್ನು ಬರೆಯಿರಿ.
2. ನಿಮ್ಮ ಮನೆಯಲ್ಲಿರುವ ಹಳೆಯ ಯಂತ್ರವೊಂದರ ವಿಷಯವನ್ನು ಹಿರಿಯರಿಂದ ಕೇಳಿ ತಿಳಿದು, ಅದಕ್ಕೊಂದು ಚೀಟಿ ಸಿದ್ಧಪಡಿಸಿರಿ.